ಒಂದೇ ಹೆಸರಿನ ಹೊಳೆಗಳು

ಶಿಕಾಗೋ ಬಳಿ ಅರೋರಾ, ಎಲ್ಜಿನ್‌ಗಳಲ್ಲಿರುವ ನಮ್ಮ ಸದಸ್ಯರಿಗೆ ಫಾಕ್ಸ್ ನದಿ ಚೆನ್ನಾಗಿ ಗೊತ್ತು. ಅದು ಇಲಿನಾಯ್ ನದಿಯನ್ನು ಸೇರಿ ಮಿಸಿಸಿಪ್ಪಿಯತ್ತ ಇಳಿಯುತ್ತದೆ. ವಿಸ್ಕಾನ್ಸಿನ್ನಿನಲ್ಲಿ ಇನ್ನೊಂದು ಫಾಕ್ಸ್ ಉಂಟು. ಅದು ಗ್ರೀನ್ ಬೇಯಲ್ಲಿ ಮಿಷಿಗನ್ ಸರೋವರಕ್ಕೆ ಸೇರುತ್ತದೆ. ಡೆಟ್ರಾಯಿಟ್ ಕಡೆಯವರ ಹ್ಯೂರಾನ್ ಹೆಸರಿನದೇ ಒಂದು ಹೊಳೆ ಒಹಾಯೋದಲ್ಲೂ ಇದೆ. ಇಂಗ್ಲೆಂಡಿನಲ್ಲಂತೂ ಏವನ್‌ಗಳು ಹಲವು. ಹಳೆಯ ಕೆಲ್ಟಿಕ್ ಭಾಷೆಯಲ್ಲಿ ಆ ಮಾತಿಗೆ ಅರ್ಥವೇ ಹೊಳೆ! ಊರಿನಲ್ಲಿ ನಾವೂ "ಹೊಳೆಗೆ ಹೋಗಿ ಬರ್ತೀನಿ" ಎನ್ನುತ್ತಿದ್ದೆವೇ ಹೊರತು ಹೆಸರು ಹಿಡಿದವರು ಯಾರು?

ನಮ್ಮ ನಾಡಿನಲ್ಲಿ ಮಾರ್ಕಂಡೇಯ ಎರಡು. ಬೆಳಗಾವಿಯದು ಗೋಕಾಕದ ಬಳಿ ಘಟಪ್ರಭೆಯನ್ನು ಕೂಡುತ್ತದೆ. ಕೋಲಾರದ್ದು ದಕ್ಷಿಣ ಪಿನಾಕಿನಿಯ ಉಪನದಿ. ಆ ಪಿನಾಕಿನಿಯೂ ಎರಡೇ. ಶಿವನ ಬಿಲ್ಲಾದ ಪಿನಾಕದಿಂದ ಬಂದ ಹೆಸರು. ಎರಡೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದರೂ, ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಆಂಧ್ರಕ್ಕೆ ಹೋಗಿ ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಯಿಂದ ತಮಿಳುನಾಡಿಗಿಳಿದು, ತೆನ್‌ಪೆಣ್ಣೈ ಎನಿಸಿಕೊಂಡು, ಕಡಲೂರಿನ ಬಳಿ ಸಮುದ್ರ ಕಾಣುತ್ತದೆ.

ಕೋಲಾರದ ಮಾರ್ಕಂಡೇಯಕ್ಕೆ ಯರಗೋಳಿನಲ್ಲಿ ಕುಡಿಯುವ ನೀರಿಗಾಗಿ ಕಟ್ಟುತ್ತಿದ್ದ ಅಣೆಕಟ್ಟಿನ ವಿರುದ್ಧ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಕೋರ್ಟು ತಡೆ ಕೊಡಲಿಲ್ಲ, ಅಣೆಕಟ್ಟು ಎದ್ದಿತು. ನೀರು ಎಷ್ಟು ಎಂಬುದರ ವ್ಯಾಜ್ಯ ಅದು. ಎಂಥ ನೀರು ಎಂಬುದು, ರಸಾಯನಶಾಸ್ತ್ರದವನಾದ ನನ್ನನ್ನು ಅದಕ್ಕಿಂತ ಹೆಚ್ಚು ಕಾಡುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ಹರಿಯುವುದು ಇದೇ ದಕ್ಷಿಣ ಪಿನಾಕಿನಿಗೆ. ನಮ್ಮ ಬಚ್ಚಲುಗಳ ಸಾಬೂನು ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಮತ್ತೆ ನೊರೆಯೇಳುತ್ತದೆ. ಅಷ್ಟು ಹೊತ್ತಿಗೆ ಹೊಳೆಯ ಹೆಸರು ಬದಲಾಗಿರುತ್ತದೆ.