ಮನೆಗೋಡೆಯ ಬ್ಯಾಟರಿಗಳ ಮುಯ್ಯಾಳು

ನಾಟಿಗೆ, ಕಳೆಗೆ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮನೆಗಳ ಸೋಲಾರ್ ಬ್ಯಾಟರಿಗಳೂ ಹೀಗೆ ಕೂಡಿ ದುಡಿಯಬಹುದು. ಸಾವಿರಾರು ಮನೆಗಳ ಬ್ಯಾಟರಿಗಳನ್ನು ಇಂಟರ್ನೆಟ್ ಮೂಲಕ ಒಂದೇ ಕಡೆಯಿಂದ ನಡೆಸುವ ಈ ಏರ್ಪಾಟಿಗೆ ವರ್ಚುವಲ್ ಪವರ್ ಪ್ಲಾಂಟ್ ಎನ್ನುತ್ತಾರೆ. ಆಸ್ಟ್ರೇಲಿಯಾ ದೇಶದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿತು. ಅಲ್ಲಿ ಏನಾಯಿತು ನೋಡೋಣ.

2016ರ ಮೇನಲ್ಲಿ ಆ ರಾಜ್ಯದ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಆಗಸ್ಟ್‌ನಲ್ಲಿ ಎಜಿಎಲ್ ಕಂಪನಿ ಅಡಿಲೇಡ್ ನಗರದಲ್ಲಿ 1,000 ಬ್ಯಾಟರಿ ಜೋಡಿಸುವ ಯೋಜನೆ ಪ್ರಕಟಿಸಿತು. ರಿಯಾಯಿತಿ ಇತ್ತು, ಆದರೆ ಬ್ಯಾಟರಿಯನ್ನು ಜನರೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಸೆಪ್ಟೆಂಬರ್ 28ರ ಬಿರುಗಾಳಿಗೆ 23 ವಿದ್ಯುತ್ ಗೋಪುರಗಳು ಹಾಳಾದವು. ಪಕ್ಕದ ವಿಕ್ಟೋರಿಯಾದಿಂದ ಬರುವ ಮುಖ್ಯ ಲೈನ್ ಟ್ರಿಪ್ ಆಯಿತು. ಸುಮಾರು 8.5 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಗಿ ಇಡೀ ರಾಜ್ಯ ಕತ್ತಲಾಯಿತು.

ಆಮೇಲೆ ಕರೆಂಟೇ ಅಲ್ಲಿನ ಚುನಾವಣೆಯ ಮಾತಾಯಿತು. 2018ರ ಫೆಬ್ರವರಿಯಲ್ಲಿ, ಮತದಾನಕ್ಕೆ ಮುಂಚೆ, ಮುಖ್ಯಮಂತ್ರಿ ಸ್ಥಾನದಲ್ಲಿದ್ದ ಜೇ ವೆದರಿಲ್ ಅವರು ಟೆಸ್ಲಾ ಕಂಪನಿ ಜೊತೆ 50,000 ಮನೆಗಳ ಯೋಜನೆ ಘೋಷಿಸಿದರು. ಪ್ರತಿ ಮನೆಗೆ 5 ಕಿಲೋವ್ಯಾಟ್ ಸೋಲಾರ್, 13.5 ಯೂನಿಟ್ ಹಿಡಿಯುವ ಬ್ಯಾಟರಿ. ಎಲ್ಲ ಸೇರಿದರೆ 250 ಮೆಗಾವ್ಯಾಟ್. ಮೊದಲ ಸರದಿ ಸರ್ಕಾರಿ ಬಾಡಿಗೆ ಮನೆಗಳಲ್ಲಿದ್ದ ಬಡವರದು. ಅವರು ಕೈಯಿಂದ ಏನೂ ಕೊಡಬೇಕಿರಲಿಲ್ಲ. ಕರೆಂಟ್ ಮಾರಿದ ಹಣದಲ್ಲೇ ಖರ್ಚು ತೀರಿಸುವ ಲೆಕ್ಕ. ಮಾರ್ಚ್‌ನಲ್ಲಿ ವೆದರಿಲ್ ಸರ್ಕಾರ ಸೋತರೂ ಹೊಸ ಸರ್ಕಾರ ಯೋಜನೆ ಕೈಬಿಡಲಿಲ್ಲ.

ಪರೀಕ್ಷೆ ಬಂದದ್ದು 2019ರ ಅಕ್ಟೋಬರ್ 9ರಂದು. ದೂರದ ಕ್ವೀನ್ಸ್‌ಲ್ಯಾಂಡ್‌ನ ಕೋಗನ್ ಕ್ರೀಕ್ ಕಲ್ಲಿದ್ದಲು ಸ್ಥಾವರ 748 ಮೆಗಾವ್ಯಾಟ್ ಕೊಡುತ್ತಿದ್ದಾಗ ದಿಢೀರನೆ ನಿಂತಿತು. ನಮ್ಮಲ್ಲಿರುವಂತೆ ಅಲ್ಲೂ ಜಾಲದ ಫ್ರೀಕ್ವೆನ್ಸಿ 50 ಹರ್ಟ್ಜ್ ಆಸುಪಾಸಿನಲ್ಲೇ ಇರಬೇಕು. ಅದು 49.61ಕ್ಕೆ ಇಳಿಯಿತು. ಮನೆಗಳ ಬ್ಯಾಟರಿಗಳು ಇಳಿಕೆಯನ್ನು ತಾವೇ ಗುರುತಿಸಿ ಜಾಲಕ್ಕೆ ಕರೆಂಟ್ ಕೊಟ್ಟವು. ಅವುಗಳ ಪಾಲು ಚಿಕ್ಕದೇ. ಆದರೆ ಬಾಡಿಗೆ ಮನೆಯ ಗೋಡೆಯೂ ಇಡೀ ಜಾಲಕ್ಕೆ ಹೆಗಲು ಕೊಡಬಲ್ಲದು ಎಂಬುದು ಸಾಬೀತಾಯಿತು.

ಇಲ್ಲಿಗೆ ಕಥೆ ಮುಗಿದಿಲ್ಲ. ಮುಯ್ಯಾಳಿನಲ್ಲಿ ಯಾರ ಗದ್ದೆಗೆ ಯಾವಾಗ ಎಂದು ಮನೆಯವರೇ ಮಾತಾಡಿಕೊಳ್ಳುತ್ತೇವೆ. ಇಲ್ಲಿ ಅದನ್ನು ಕಂಪನಿಯ ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಬಾಡಿಗೆ ಮನೆಯವರಿಗೆ ಅಗ್ಗದ ಕರೆಂಟ್ ಸಿಕ್ಕಿತು, ಬ್ಯಾಟರಿ ಅವರದಾಗಲಿಲ್ಲ. 2025ರಲ್ಲಿ ಟೆಸ್ಲಾ ಈ ಜಾಲವನ್ನು ಎಜಿಎಲ್‌ಗೆ ಮಾರಿತು. ಆಗ ಅದರಲ್ಲಿದ್ದದ್ದು ಸುಮಾರು 7,000 ಮನೆ. 50,000ದ ಗುರಿ ಬಹಳ ದೂರವೇ ಉಳಿಯಿತು.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಮ್ಮ ಚಾವಣಿಗಳಿಗೂ ಸೋಲಾರ್ ಬರುತ್ತಿದೆ. ನಾಳೆ ಬ್ಯಾಟರಿ ಜೋಡಿಸಲು ಯಾರಾದರೂ ಬಂದರೆ ನಾಲ್ಕು ಮಾತು ಕೇಳೋಣ. ಬ್ಯಾಟರಿ ಯಾರ ಹೆಸರಿನಲ್ಲಿ? ರಾತ್ರಿ ಕರೆಂಟ್ ಹೋದರೆ ನಮ್ಮ ಮನೆಗೆ ಎಷ್ಟು ಉಳಿಸುತ್ತೀರಿ? ಕೊಟ್ಟ ಯೂನಿಟ್ಟಿಗೆ ಎಷ್ಟು ಹಣ? ಬೇಡವೆನಿಸಿದರೆ ಬಿಡಬಹುದೇ? ಕೂಡಿ ದುಡಿಯುವುದು ನಮಗೆ ಹೊಸದಲ್ಲ. ಲೆಕ್ಕ ಮಾತ್ರ ಮೊದಲೇ ಆಗಲಿ.