ದಂಡಿನ ದೊರೆಯಿಂದ ಓಸಿಐ ಕಾರ್ಡಿನವರೆಗೆ

ಬೆಂಗಳೂರಿನಲ್ಲಿ ಕುಡಿದು ಗಾಡಿ ಓಡಿಸಿದ ವಿದೇಶಿಯನ್ನು ಯಾವ ಕೋರ್ಟು ವಿಚಾರಿಸಬೇಕು ಎಂಬ ಪ್ರಶ್ನೆಗೆ 1881ರಿಂದ 1947ರವರೆಗೆ ಉತ್ತರ ಕೊಡುತ್ತಿದ್ದುದು ಅವನು ಕುಡಿದ ಪ್ರಮಾಣವಲ್ಲ, ಅವನ ಹುಟ್ಟು. 1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸುವಾಗ ಬ್ರಿಟಿಷರು ಹಲವು ಅಧಿಕಾರಗಳನ್ನು ತಮ್ಮಲ್ಲೇ ಇರಿಸಿಕೊಂಡರು. ಬೆಂಗಳೂರಿನ ದಂಡು ಪ್ರದೇಶ (ಕಂಟೋನ್ಮೆಂಟ್) ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಹೋಯಿತು. ಸಂಸ್ಥಾನದೊಳಗೆ ಎಲ್ಲೇ ಇದ್ದರೂ ಯುರೋಪಿಯನ್ ಬ್ರಿಟಿಷ್ ಪ್ರಜೆಯ ಮೇಲಿನ ಕ್ರಿಮಿನಲ್ ಅಧಿಕಾರ ಗವರ್ನರ್ ಜನರಲ್ ಕೈಯಲ್ಲೇ ಉಳಿಯಿತು. ಅವರು ಬಿಟ್ಟುಕೊಟ್ಟಷ್ಟು ಮಾತ್ರ ಮಹಾರಾಜರದು.

ಪ್ಲೇಗಿನ ತರುವಾಯ, 1898ರಿಂದೀಚೆಗೆ, ಬಸವನಗುಡಿ ಬಡಾವಣೆ ಎದ್ದಾಗ ಈ ಏರ್ಪಾಟು ಜಾರಿಯಲ್ಲಿತ್ತು. ಇಂದು ಗಾಂಧಿ ಬಜಾರ್ ಎನ್ನುವ ಬೀದಿ ಮೈಸೂರು ಸರ್ಕಾರದ ನೆಲ, ಪೊಲೀಸರೂ ಮೈಸೂರಿನವರೇ. ಜಟಕಾದವನೊಬ್ಬ ಅಮಲೇರಿ ಕುದುರೆಯನ್ನು ಜನರ ಮೇಲೆ ಹರಿಸಿದರೆ ಅವನನ್ನು ನಗರದ ಮ್ಯಾಜಿಸ್ಟ್ರೇಟರು ವಿಚಾರಿಸುತ್ತಿದ್ದರು. ಅದೇ ಬೀದಿಯಲ್ಲಿ ದಂಡಿನ ದೊರೆಯೊಬ್ಬ ಅದೇ ಕೆಲಸ ಮಾಡಿದರೆ 1881ರ ಹಸ್ತಾಂತರ ಪತ್ರದ ಷರತ್ತು ಅಡ್ಡ ಬರುತ್ತಿತ್ತು. ಬ್ರಿಟಿಷ್ ಇಂಡಿಯಾದಲ್ಲೂ ಪರಿಸ್ಥಿತಿ ಬಹಳ ಬೇರೆಯಿರಲಿಲ್ಲ. ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನು ವಿಚಾರಿಸಬಹುದೆಂದ 1883ರ ಇಲ್ಬರ್ಟ್ ಮಸೂದೆಗೆ ಎದ್ದ ಗಲಾಟೆ ಪ್ರಸಿದ್ಧ. ಈ ಜನಾಂಗಭೇದದ ಬಹುಭಾಗ ಅಲ್ಲಿ ಹೋದದ್ದು 1923ರಲ್ಲಿ.

ಕಾನೂನಿನ ಪುಸ್ತಕ ಮಾತ್ರ ಎರಡೂ ಕಡೆ ಒಂದೇ ಆಗಿತ್ತು: 1860ರ ದಂಡ ಸಂಹಿತೆ. ಅದರ 510ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಅಮಲಿನಿಂದ ಅನುಚಿತವಾಗಿ ವರ್ತಿಸಿದವನಿಗೆ 24 ಗಂಟೆಯವರೆಗೆ ಸೆರೆ ಅಥವಾ 10 ರೂಪಾಯಿವರೆಗೆ ದಂಡ ಎನ್ನುತ್ತಿತ್ತು. 279ನೇ ಕಲಂ ಅಜಾಗರೂಕ ಚಾಲನೆಗೆ. 1870ರಲ್ಲಿ ಸೇರಿದ 304ಎ ಕಲಂ ನಿರ್ಲಕ್ಷ್ಯದಿಂದಾದ ಸಾವಿಗೆ. ಕುಡಿದು ಓಡಿಸುವುದನ್ನೇ ಹೆಸರಿಸಿದ ಕಲಂ ಅದರಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ 1872ರ ಕಾಯ್ದೆಯೊಂದು ಬಂಡಿ, ಕುದುರೆ, ದನ, ಉಗಿಯಂತ್ರ ಇವುಗಳ ಉಸ್ತುವಾರಿಯಲ್ಲಿ ಅಮಲೇರಿರುವುದನ್ನು ಅಪರಾಧವೆಂದಿತ್ತು. 1897ರಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕ ಜಾರ್ಜ್ ಸ್ಮಿತ್ ಮೋಟಾರು ಗಾಡಿಯನ್ನು ಕುಡಿದು ಓಡಿಸಿ 25 ಶಿಲಿಂಗ್ ದಂಡ ತೆತ್ತ.

1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1939ರ ಮೋಟಾರು ವಾಹನ ಕಾಯ್ದೆ, ಮೈಸೂರು ಭಾರತದ ಭಾಗವಾದ ಮೇಲೆ, ಇಲ್ಲಿಗೂ ಬಂತು. ಅದರ 117ನೇ ಕಲಂ ಹೇಳಿದ್ದು ಇಷ್ಟು: ಗಾಡಿಯನ್ನು ಹತೋಟಿಯಲ್ಲಿಡಲಾಗದಷ್ಟು ಅಮಲಿನಲ್ಲಿದ್ದರೆ ಅಪರಾಧ. ಎಷ್ಟು ಎಂದರೆ ಅಷ್ಟು? ಉತ್ತರ ಪೇದೆಯ ಮೂಗು ಮತ್ತು ಡಾಕ್ಟರ ಸರ್ಟಿಫಿಕೇಟಿನ ಮೇಲೆ ನಿಂತಿತ್ತು; ಬಾಯಿ ವಾಸನೆ, ತೊದಲು ಮಾತು, ತೂರಾಡುವ ನಡಿಗೆ ಇವೇ ಸಾಕ್ಷ್ಯ. ಅಷ್ಟರಲ್ಲಿ ಹೊರಗಿನ ಜಗತ್ತು ಅಳತೆಗೆ ಇಳಿದಿತ್ತು. ರಕ್ತದಲ್ಲಿನ ಮದ್ಯಕ್ಕೆ ನಾರ್ವೆ 1936ರಲ್ಲೇ ಮಿತಿ ಹಾಕಿತು. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರು ಅಳೆಯುವ ಯಂತ್ರ ಮಾಡಿದರು. ಬ್ರಿಟನ್ 1967ರಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಎಂದು ನಿಗದಿಮಾಡಿತು.

ಭಾರತದ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮೊದಲು ರಕ್ತದಲ್ಲಿ ಒಂದು ಹನಿಯೂ ಇರಕೂಡದು ಎಂಬ ಧಾಟಿಯಲ್ಲಿತ್ತು. 1994ರ ತಿದ್ದುಪಡಿ ಅದನ್ನು 100 ಮಿಲಿಲೀಟರಿಗೆ 30 ಮಿಲಿಗ್ರಾಂಗೆ ತಂದಿತು. ಅಮೆರಿಕದ ಬಹುತೇಕ ರಾಜ್ಯಗಳ ಮಿತಿ ಇಂದಿಗೂ 80. ಯೂಟಾ ಒಂದು 2018ರ ಕೊನೆಗೆ 50ಕ್ಕೆ ಇಳಿಸಿತು. ತನ್ನ ಊರಿನಲ್ಲಿ ಎರಡು ಗ್ಲಾಸ್ ಬಿಯರ್ ಕುಡಿದು ನೆಮ್ಮದಿಯಾಗಿ ಮನೆಗೆ ಹೋಗಬಲ್ಲವನು ಬೆಂಗಳೂರಿನಲ್ಲಿ ಅಷ್ಟಕ್ಕೇ ಸಿಕ್ಕಿಬೀಳಬಹುದು. ಮೊದಲ ತಪ್ಪಿಗೆ 2,000 ರೂಪಾಯಿ ಇದ್ದ ಗರಿಷ್ಠ ದಂಡ 2019ರ ಸೆಪ್ಟೆಂಬರ್ 1ರಿಂದ 10,000 ಆಯಿತು. ಆರು ತಿಂಗಳವರೆಗಿನ ಸೆರೆಯ ಅವಕಾಶ ಮೊದಲೇ ಇತ್ತು. ಎರಡನೇ ಸಲಕ್ಕೆ 15,000, ಜತೆಗೆ ಎರಡು ವರ್ಷದವರೆಗೆ ಸೆರೆ.

ಹಿಡಿಯುವ ರೀತಿಯನ್ನೂ ಈ ಕಾಯ್ದೆ ಬಿಗಿಯಾಗಿ ಬರೆದಿದೆ. ಸಮವಸ್ತ್ರದಲ್ಲಿರುವ ಪೊಲೀಸರು ತಮ್ಮ ಕಣ್ಣೆದುರು 185ನೇ ಕಲಮಿನ ಅಪರಾಧ ನಡೆದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ತಪ್ಪಿದರೆ ಬಿಟ್ಟುಬಿಡಬೇಕು. ಕುಡಿದವನ ಪರವಾಗಿ ಇಷ್ಟು ಖಚಿತವಾದ ಗಡುವು ಬರೆದದ್ದು ಸಣ್ಣ ಸಂಗತಿಯಲ್ಲ, ಆದರೂ ಅದನ್ನು ಬಲ್ಲವರು ಕಡಿಮೆ. ರೂಢಿಯಲ್ಲಿ ಬೆಂಗಳೂರಿನ ಟ್ರಾಫಿಕ್ ಪೊಲೀಸರು ಬಾಯಿ ಊದಿಸಿ, ಗಾಡಿ ಮತ್ತು ಡಿಎಲ್ ವಶಕ್ಕೆ ತೆಗೆದುಕೊಂಡು, ಕೋರ್ಟಿನಲ್ಲಿ ದಂಡ ಕಟ್ಟಲು ಕಳಿಸುವುದೇ ಹೆಚ್ಚು.

ವಿದೇಶಿಗೂ ಇವೇ ನಿಯಮ. ಸಂವಿಧಾನದ 22ನೇ ವಿಧಿ ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹಕ್ಕನ್ನು ನಾಗರಿಕರಿಗಷ್ಟೇ ಕೊಟ್ಟಿಲ್ಲ. ಹೊರಗಿಟ್ಟದ್ದು ಶತ್ರುದೇಶದವರನ್ನು ಮತ್ತು ಮುಂಜಾಗ್ರತಾ ಬಂಧನದಲ್ಲಿರುವವರನ್ನು. ಇದರ ಮೇಲೆ ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಿದೆ. ಬಂಧಿತ ಕೇಳಿಕೊಂಡರೆ ಅವನ ದೇಶದ ಕಾನ್ಸುಲೇಟಿಗೆ ತಡಮಾಡದೆ ತಿಳಿಸಬೇಕು. ಕೇಳಿಕೊಳ್ಳುವ ಹಕ್ಕು ನಿನಗಿದೆ ಎಂದು ಅವನಿಗೆ ಹೇಳುವುದೂ ಪೊಲೀಸರ ಕೆಲಸವೇ. ಪಾಕಿಸ್ತಾನದಲ್ಲಿ ಬಂಧಿತರಾದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಭಾರತದ ವಾದವನ್ನು ಎತ್ತಿಹಿಡಿದದ್ದು ಇದೇ ವಿಧಿಯ ಬಲದಿಂದ. ಹೊರಗೆ ಅಷ್ಟು ದೂರ ಹೋಗಿ ಗೆದ್ದ ನಿಯಮವನ್ನು ಒಳಗಿನ ಠಾಣೆಗಳು ಮರೆಯುವಂತಿಲ್ಲ.

ವಿದೇಶಿಗೆ ಕಷ್ಟ ಶುರುವಾಗುವುದು ದಂಡ ಕಟ್ಟಿದ ಮೇಲೆ. 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ ಅವನನ್ನು ಎಂಟು ದಶಕ ಆಳಿದವು. ದೇಶದಿಂದ ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದು ಸುಪ್ರೀಂ ಕೋರ್ಟ್ 1955ರಲ್ಲಿ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿತು. ದೊರೆಗಳ ಕಾಲದ ವಿದೇಶಿಗೆ ಊರಿನವನಿಗಿಂತ ಒಂದು ಕಾನೂನು ಕಡಿಮೆ ಇತ್ತು; ಈಗಿನ ವಿದೇಶಿಗೆ ಒಂದು ಹೆಚ್ಚು. ಅದನ್ನು ನಡೆಸುವ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ವೀಸಾ ಮುಗಿದು ಹೊರಹೋಗಬೇಕಾದವರನ್ನು ಇರಿಸಲು ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಹಿಂದೆ ಹಾಸ್ಟೆಲ್ ಆಗಿದ್ದ ಸರ್ಕಾರಿ ಕಟ್ಟಡದಲ್ಲಿ, ಕೇಂದ್ರವೊಂದನ್ನು ಮಾಡಲಾಗಿದೆ. 2025ರ ಸೆಪ್ಟೆಂಬರ್ 1ರಂದು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು, 1939 ಮತ್ತು 1946ರ ಕಾಯ್ದೆಗಳ ಸಹಿತ ನಾಲ್ಕು ಹಳೆಯ ಕಾನೂನುಗಳ ಜಾಗ ಹಿಡಿಯಿತು.

ಕಾನೂನು ಎಷ್ಟೇ ಸ್ಪಷ್ಟವಿದ್ದರೂ ಬೀದಿ ಅದನ್ನು ಮೀರಿದ್ದುಂಟು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಅವನು ಕುಡಿದಿದ್ದನೆಂಬುದು ಆರೋಪ. ಸ್ವಲ್ಪ ಹೊತ್ತಿನಲ್ಲಿ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಥಳಿಸಿ ಕಾರಿಗೆ ಬೆಂಕಿಯಿಟ್ಟಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ದೇಶಗಳ ನಡುವೆ ಮಾತುಕತೆಯಾಗಿ, ಹಲವರ ಬಂಧನವಾಗಿ, ಪೊಲೀಸರೂ ಅಮಾನತಾದರು.

ಬಸವನಗುಡಿಯ ಮನೆಗಳಿಗೆ ಈ ವಿಷಯ ಹೆಚ್ಚಾಗಿ ತಟ್ಟುವುದು ಎದುರು ದಿಕ್ಕಿನಿಂದ, ಮಕ್ಕಳು ಹೊರದೇಶದಲ್ಲಿರುವಾಗ. ಕುಡಿದು ಓಡಿಸಿ ಬಂಧನವಾದವರ ವೀಸಾವನ್ನು ಅಮೆರಿಕ 2015ರ ನವೆಂಬರಿನಿಂದ, ಶಿಕ್ಷೆಗೂ ಕಾಯದೆ, ರದ್ದು ಮಾಡಬಲ್ಲದು. ಅಲ್ಲಿದ್ದಷ್ಟು ದಿನ ಸಾಮಾನ್ಯವಾಗಿ ಕೆಲಸಕ್ಕೆ ತೊಂದರೆಯಿಲ್ಲ. ತಂಗಿಯ ಮದುವೆಗೆಂದು ಬೆಂಗಳೂರಿಗೆ ಬಂದರೆ ಹೊಸ ವೀಸಾ ಸಿಗದೆ ಇಲ್ಲೇ ಉಳಿಯಬೇಕಾದೀತು. ಯುಎಇಯಲ್ಲಿ 2025ರ ಮಾರ್ಚಿನಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ದಂಡ 20,000 ದಿರ್ಹಮಿನಿಂದ ಒಂದು ಲಕ್ಷದವರೆಗೆ, ಸೆರೆಯೂ ಉಂಟು.

ಇನ್ನೊಂದು ಬಗೆಯ ವಿದೇಶಿ ಗಾಂಧಿ ಬಜಾರಿನಲ್ಲೇ ಹುಟ್ಟಿ ಬೆಳೆದವನು: ಅಮೆರಿಕದ ಪಾಸ್‌ಪೋರ್ಟ್ ಮತ್ತು ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಹಿಡಿದು ರಜೆಗೆ ಬಂದು ಅಪ್ಪನ ಕಾರು ಓಡಿಸುವವನು. 2005ರಲ್ಲಿ ಶುರುವಾದ ಈ ಕಾರ್ಡಿನವರಿಗೆ ಎಫ್‌ಆರ್‌ಆರ್‌ಒ ನೋಂದಣಿ ಬೇಕಿಲ್ಲ. ಆದರೆ ಪೌರತ್ವ ಕಾಯ್ದೆಯ 7ಡಿ ಕಲಂ, ನೋಂದಣಿಯಾದ ಐದು ವರ್ಷದೊಳಗೆ ಎರಡು ವರ್ಷ ಅಥವಾ ಹೆಚ್ಚು ಸೆರೆಯ ಶಿಕ್ಷೆಯಾದರೆ ಕಾರ್ಡನ್ನು ರದ್ದು ಮಾಡಲು ಅವಕಾಶ ಕೊಡುತ್ತದೆ. ಕುಡಿದು ಓಡಿಸಿ ಎರಡನೇ ಸಲ ಸಿಕ್ಕಿದವನಿಗೆ ಕೋರ್ಟು ಕೊಡಬಹುದಾದ ಗರಿಷ್ಠ ಸೆರೆಯೂ ಎರಡು ವರ್ಷವೇ. ರದ್ದು ಮಾಡುವ ಮುನ್ನ ಕಾರ್ಡುದಾರನ ವಿವರಣೆ ಕೇಳಬೇಕೆಂಬ ನಿಯಮ ಸೇರಿದ್ದು 2019ರ ತಿದ್ದುಪಡಿಯಲ್ಲಿ.