ಉಚಿತ ಡೌನ್‌ಲೋಡ್ ವಂಚನೆ

ಉಚಿತ ಡೌನ್‌ಲೋಡ್ ವಂಚನೆ: ಪುಕ್ಕಟೆ ಆ್ಯಪ್, ಸಿನಿಮಾ, ಸಾಫ್ಟ್‌ವೇರ್ ಅಥವಾ ಸರ್ಕಾರಿ ಅರ್ಜಿಯ ನೆಪದಲ್ಲಿ ಕುತಂತ್ರಾಂಶವನ್ನು ಮೊಬೈಲಿಗೋ ಕಂಪ್ಯೂಟರಿಗೋ ಇಳಿಸಿ ಹಣ, ಮಾಹಿತಿ ಕದಿಯುವ ಸೈಬರ್ ಅಪರಾಧ.

ಹಳ್ಳಿ, ಪೇಟೆಗಳಲ್ಲಿ ಇದರ ಮುಖ್ಯ ದಾರಿ ವಾಟ್ಸ್‌ಆ್ಯಪ್. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್ ಕಂತು ಎಂದು ಹೆಸರು ಏನೇ ಇರಲಿ, ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಆ್ಯಪ್. ಇನ್‌ಸ್ಟಾಲ್ ಮಾಡಿಕೊಳ್ಳಬೇಕಾದ ಲಗ್ನಪತ್ರಿಕೆ ಲೋಕದಲ್ಲಿಲ್ಲ. ಕಳಿಸಿದವರು ನೆಂಟರೇ ಆದರೂ ನಂಬುವಂತಿಲ್ಲ: ಅವರ ಫೋನ್ ಕೆಟ್ಟವರ ಕೈಗೆ ಸಿಕ್ಕಿದ್ದರೆ ಅದೇ ಸಂದೇಶ ಅವರ ಪಟ್ಟಿಯಲ್ಲಿರುವ ಎಲ್ಲರಿಗೂ ಹೋಗಿರುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ಹೆಸರಿನಲ್ಲೂ ನಕಲಿ ಆ್ಯಪ್‌ಗಳು ಹರಿದಾಡಿದವು. ಅಸಲಿ ನೋಂದಣಿ ನಡೆದದ್ದು ಗ್ರಾಮ ಒನ್‌ನಂಥ ಕೇಂದ್ರಗಳಲ್ಲಿ, ಶುಲ್ಕವಿಲ್ಲದೆ.

ನಕಲಿ ಆ್ಯಪಿನ ಗುರುತು ಹಚ್ಚಲು ಅದು ಅನುಮತಿ ಕೇಳುವ ಪರದೆಯೇ ಒಳ್ಳೆಯ ಒರೆಗಲ್ಲು. ಸರ್ಕಾರದ ಉಚಿತ ಆ್ಯಪ್ ‘ದಿಶಾಂಕ್’ ಉದಾಹರಣೆಯಾಗಬಹುದು. ಹೊಲದಲ್ಲಿ ನಿಂತು ತೆರೆದರೆ ಆ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದಕ್ಕೆ ಲೊಕೇಶನ್ ಕೇಳುವುದು ಸಹಜ. ಅದೇ ಕೆಲಸದ ಹೆಸರು ಹೇಳಿಕೊಂಡು ಬಂದ ಇನ್ನೊಂದು ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಬೇಡಿದರೆ, ಅದರ ಕಣ್ಣಿರುವುದು ಬ್ಯಾಂಕಿನ ಒಟಿಪಿಯ ಮೇಲೆ. ಕುತಂತ್ರಾಂಶ ಪತ್ತೆಹಚ್ಚುವ ‘ಪ್ಲೇ ಪ್ರೊಟೆಕ್ಟ್’ ಅನ್ನೇ ಆಫ್ ಮಾಡಿ ಎನ್ನುವ ಆ್ಯಪನ್ನಂತೂ ವಿಚಾರಿಸಬೇಕಾಗಿಯೂ ಇಲ್ಲ.

ಕಂಪ್ಯೂಟರಿನಲ್ಲಿ ಲಕ್ಷಣಗಳು ಬೇರೆ. ಒಂದೇ ಪುಟದಲ್ಲಿ ಮೂರ್ನಾಲ್ಕು ಡೌನ್‌ಲೋಡ್ ಗುಂಡಿ. ಎರಡೂವರೆ ಗಂಟೆಯ ಸಿನಿಮಾ ಎಂದು ಬಂದದ್ದು ಬರೀ 3 ಎಂಬಿ. ಆ್ಯಂಟಿವೈರಸ್ ಒಳಗಿಣುಕದಂತೆ ಪಾಸ್‌ವರ್ಡ್ ಹಾಕಿದ ಜಿಪ್ ಕಡತ. ಕನ್ನಡ ಗಣಕ ಪರಿಷತ್ತಿನ ಕನ್ನಡ ಬರವಣಿಗೆಯ ತಂತ್ರಾಂಶ ‘ನುಡಿ’ ಉಚಿತವೇ. ಅದಕ್ಕಾಗಿ ಕಾರ್ಡ್ ನಂಬರ್ ಕೇಳುವ ಪುಟ ಪರಿಷತ್ತಿನದಲ್ಲ.

ಇಂಥ ವಂಚನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಮತ್ತು 66ಡಿ ಕಲಮುಗಳಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಆ್ಯಪ್ ಇಳಿಸಿಬಿಟ್ಟಿದ್ದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋದ ಹಣದ ಹೊಣೆ ಬ್ಯಾಂಕಿನದು.